ಸೂತಕದ ಸಾಮಾನಿನ ವ್ಯಾಪಾರಿ

“ಏನನ್ನೂ ಮಾರದೆ ಎಲ್ಲವನ್ನೂ ಕಾಯ್ದ ಮಹಾನುಭಾವರು ಇಲ್ಲಿ ಕುಳಿತಿದ್ದರು.”

ಹೀಗೊಂದು ವಾಕ್ಯವನ್ನು ಕರಿಕಲ್ಲಿನ ಮೇಲೆ ಕೊರೆಸಿ ದಾಂಡೇಲಿಯ ಬಸ್ ನಿಲ್ದಾಣದ ಹೊರಗೋಡೆಗೆ ಕೂರಿಸಬೇಕೆಂದು ನಮ್ಮೂರಿನ ನಾಲ್ವರು ಗಣ್ಯರು ನಿಶ್ಚಯಿಸಿದರು. ಆ ಗೋಡೆಯ ಬುಡದಲ್ಲಿ ಗೋಣಿತಟ್ಟು ಹಾಸಿ, ಹಳೆಯ ಸಾಮಾನು ಹರಡಿಕೊಂಡು ಕೂರುತ್ತಿದ್ದ ಮುದುಕರೊಬ್ಬರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಕಲ್ಲು ಅವರ ನೆನಪಿಗೆ. ಕಾಯ್ದರು ಎಂಬ ಮಾತಿಗೆ ನನ್ನ ತಕರಾರಿಲ್ಲ. ಮಾರಲಿಲ್ಲ ಎಂಬುದು ಶುದ್ಧ ಸುಳ್ಳು. ಅವರು ವ್ಯಾಪಾರಿಯಾಗಿದ್ದರು, ಮತ್ತು ಕಾಗದಪತ್ರದಲ್ಲಿ ವ್ಯಾಪಾರಿಯೆಂದೇ ಉಳಿಯಬೇಕೆಂಬುದು ಅವರ ಕೊನೆಯ ಹಟವಾಗಿತ್ತು. ಆ ಸುಳ್ಳನ್ನು ಮೊದಲು ಕಾಗದಕ್ಕಿಳಿಸಿದವನು ನಾನೇ ಆದುದರಿಂದ, ಕಲ್ಲು ಗೋಡೆ ಹತ್ತುವ ಮೊದಲು ಅದನ್ನು ತಿದ್ದುವ ಹೊಣೆಯೂ ನನ್ನದೇ ಆಯಿತು.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸಾ ಮಿಲ್ಲಿನಲ್ಲಿ ದಿಮ್ಮಿ ಅಳೆಯುತ್ತ, ಊರಿನ ಕಾಗದದ ಗಿರಣಿಗೆ ಲಾರಿಗಟ್ಟಲೆ ಬರುತ್ತಿದ್ದ ರದ್ದಿಯೊಳಗಿನ ಪುಸ್ತಕಗಳನ್ನು ಹೆಕ್ಕಿ ಓದಿದೆ. ಬಹಳಷ್ಟಕ್ಕೆ ಮೊದಲ ಪುಟಗಳಿರುತ್ತಿರಲಿಲ್ಲ. ಬರೆದವರು ಯಾರೆಂದು ತಿಳಿಯದೆಯೇ ಓದಿದ್ದರಿಂದ, ದೊಡ್ಡವರು ಹೇಳಿದರೆಂದು ಒಪ್ಪಿಬಿಡುವ ಅಭ್ಯಾಸ ನನಗೆ ಹತ್ತಲಿಲ್ಲ. ಊರೆಲ್ಲ ‘ಚಾಚಾ’ ಎನ್ನುತ್ತಿದ್ದ ಆ ಮುದುಕರು ಈ ಕಾರಣಕ್ಕೇ ನನ್ನನ್ನು ‘ಪಂಡಿತರ’ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವವೆಷ್ಟು, ಚೇಷ್ಟೆಯೆಷ್ಟು ಎಂಬುದು ಮೂವತ್ತು ವರ್ಷದ ಒಡನಾಟದಲ್ಲಿಯೂ ನನಗೆ ಬಗೆಹರಿಯಲಿಲ್ಲ.

ಅವರ ಮೂಲದ ಬಗ್ಗೆ ಊರಿನಲ್ಲಿ ಮೂರು ಕಥೆಗಳಿವೆ. ಗೋವೆಯವರು ಎನ್ನುವವರಿದ್ದಾರೆ, ಹುಬ್ಬಳ್ಳಿಯವರು ಎನ್ನುವವರಿದ್ದಾರೆ, ಅಣೆಕಟ್ಟಿನ ನೀರಿನಲ್ಲಿ ಮುಳುಗಡೆಯಾದ ಸೂಪಾದಿಂದ ಎದ್ದು ಬಂದವರು ಎಂದು ಆಣೆ ಮಾಡುವವರೂ ಇದ್ದಾರೆ. ನಾನು ಊಹೆಗೆ ಹೋಗದೆ ನೇರವಾಗಿ ಕೇಳಿದೆ.

“ಚಾಚಾ, ನೀವು ಎಲ್ಲಿಂದ ಬಂದವರು?”

“ಮನಿಯಿಂದ. ಚಾ ಕುಡದ ಬಂದೆ.”

ಅವರು ಬಹಳ ಎತ್ತರದ ಆಳು. ಆದರೆ ಸದಾ ಕುಳಿತೇ ಇರುತ್ತಿದ್ದುದರಿಂದ ಆ ಎತ್ತರ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಮಣ್ಣು ಕೊಡುವ ದಿನ ಗುಂಡಿಯ ಅಳತೆ ತಪ್ಪಿ, ನೆರೆದವರೆಲ್ಲ ಬದಿಗೆ ಸರಿದು, ಇನ್ನೊಮ್ಮೆ ಅಗೆಯಬೇಕಾಯಿತು. ಬಾಯಲ್ಲಿ ಸದಾ ಒಂದು ಲವಂಗ. ಯಾವ ವಸ್ತು ಕೈಗೆ ಬಂದರೂ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿ ಹಚ್ಚುತ್ತಿದ್ದರು. ಹಿತ್ತಾಳೆಯ ಕೊಡಕ್ಕೆ ಹೀಗೆ ಮಾಡಿದರೆ ಅರ್ಥವಿದೆ. ಇಸ್ತ್ರಿ ಪೆಟ್ಟಿಗೆಗೂ ಕಿವಿ ಹಚ್ಚಿದಾಗ ನಾನು ಆಕ್ಷೇಪಿಸಿದೆ.

“ಇಸ್ತ್ರಿ ಪೆಟಗಿ ಏನ್ ಹೇಳತೈತ್ರಿ?”

“ಆ ಮನ್ಯಾಗ ಗಂಡ-ಹೆಂಡತಿ ಜಗಳ ಇತ್ತೋ ಇಲ್ಲೋ ಗೊತ್ತಾಗತೈತಿ. ನಿಮ್ಮ ಮನೀದು ತರಬ್ಯಾಡ್ರಿ, ನನಗ ಕಿವಿ ನೋವು.”

ಅವರ ಸಾಮಾನೆಲ್ಲ ಸತ್ತವರ ಮನೆಗಳಿಂದ ಬರುತ್ತಿತ್ತು. ಬದುಕಿದ್ದವರ ವಸ್ತುವನ್ನು ಅವರು ಮುಟ್ಟುತ್ತಿರಲಿಲ್ಲ. ಸತ್ತವರ ಮನೆಯಿಂದ ಬಂದದ್ದನ್ನು ತಕ್ಷಣ ಮಾರುತ್ತಲೂ ಇರಲಿಲ್ಲ, ಏಕೆಂದರೆ ಮನೆಯವರಿಗೆ ಇದ್ದಂತೆ ಸಾಮಾನಿಗೂ ಸೂತಕವಿದೆ ಎಂಬುದು ಅವರ ಸಿದ್ಧಾಂತ. ಹಿಂದೂಗಳ ಮನೆಯ ಥರ್ಮಾಸಿಗೆ ಹದಿಮೂರು ದಿನ. ಮುಸಲ್ಮಾನರ ಮನೆಯದಾದರೆ ನಲವತ್ತು, ಕ್ರೈಸ್ತರ ಮನೆಯದಾದರೆ ಒಂದು ತಿಂಗಳು, ಮುಂಡಗೋಡದ ಟಿಬೆಟಿಯನ್ ಮನೆಯಿಂದ ಬಂದುದಾದರೆ ನಲವತ್ತೊಂಬತ್ತು. ಅಷ್ಟು ದಿನ ಆ ವಸ್ತು ಗೋಣಿತಟ್ಟಿನ ಮೇಲೆಯೇ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತಿತ್ತು, ಕೇಳಿದರೆ ಕೊಡುತ್ತಿರಲಿಲ್ಲ. ತಮ್ಮಲ್ಲಿ ಸೂತಕವೇ ಇಲ್ಲವೆನ್ನುವ ಮನೆತನಗಳೂ ಇವೆಯಲ್ಲ, ಅವರ ಕುಕ್ಕರನ್ನು ಅಂದೇ ಮಾರಬಹುದಲ್ಲ ಎಂದು ನಾನು ವಾದ ಹೂಡಿದೆ.

“ಅವರಿಗೆ ಇಲ್ಲದಿರಬಹುದು ಪಂಡಿತರ. ಕುಕ್ಕರಿಗೆ ಯಾರರೆ ಕೇಳ್ಯಾರ?”

ಈ ನಿಯಮ ಹೇಗೆ ಹುಟ್ಟಿತು ಎಂಬುದಕ್ಕೂ ಊರಿನಲ್ಲಿ ಕಥೆಗಳು. ದರ್ಗಾದಲ್ಲಿ ಮಲಗಿದ್ದಾಗ ಕನಸು ಬಿತ್ತು ಎನ್ನುತ್ತಾರೆ. ಕಾಯಿಸಿ ಕಾಯಿಸಿ ಬೆಲೆ ಏರಿಸುವ ಹಂಚಿಕೆ ಎನ್ನುತ್ತಾರೆ. ಎರಡನ್ನೂ ನಾನು ನಂಬುವುದಿಲ್ಲ. ಅವರ ಮುಖದಿಂದಲೇ ಕೇಳಿದ್ದು ಇಷ್ಟು: ಧಂದೆ ಹೂಡಿದ ಹೊಸತರಲ್ಲಿ, ತೀರಿಹೋದ ಗಿರಣಿ ಕೆಲಸಗಾರನೊಬ್ಬನ ಊಟದ ಡಬ್ಬಿಯನ್ನು ಕೊಂಡು ಮರುದಿನವೇ ಮಾರಿದ್ದರಂತೆ. ಹನ್ನೆರಡನೆಯ ದಿನ ಅವನ ಹೆಂಡತಿ ಬಂದಳು. ಡಬ್ಬಿ ಬೇಕಿತ್ತು ಎಂದಳು. ಮಾರಿ ಹೋಯಿತು ಎಂದರು.

“ಆಕಿ ಬೈಲಿಲ್ಲ, ಪಂಡಿತರ. ಹೌದೇನ್ರಿ ಅಂತ ಅಂದು ತಿರುಗಿ ಹೋದಳು. ಬೈದಿದ್ದಳಂದರ ನಾನೂ ಇವತ್ತ ಎಲ್ಲಾರಂಗ ವ್ಯಾಪಾರ ಮಾಡ್ತಿದ್ದೆ.”

ಈ ಕಥೆಯನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನನಗೆ ಊಟದ ಡಬ್ಬಿ ಎಂದವರು ಬೇರೊಬ್ಬರಿಗೆ ಕೈಗಡಿಯಾರ ಎಂದಿದ್ದರು. ಆದರೆ ಎರಡು ಹೇಳಿಕೆಗಳಲ್ಲಿಯೂ ಆ ಹೆಂಗಸು ಬೈಯಲಿಲ್ಲ. ಅಷ್ಟು ಮಾತ್ರ ಸತ್ಯವಿರಬೇಕೆಂದು ತಿಳಿದಿದ್ದೇನೆ.

ದಿನಗಳ ಎಣಿಕೆಯನ್ನು ಅವರು ಸೀಮೆಸುಣ್ಣದ ಗೀಟುಗಳಿಂದ ಇಡುತ್ತಿದ್ದರು. ಬೆಳಗ್ಗೆ ಬಂದು ಕುಳಿತ ಕೂಡಲೇ ಪ್ರತಿಯೊಂದು ವಸ್ತುವಿನ ಮೈಮೇಲೆ ಒಂದೊಂದು ಗೀಟು. ಗೀಟು ಪೂರ್ತಿಯಾದ ದಿನ ಒದ್ದೆ ಬಟ್ಟೆಯಿಂದ ಒರೆಸಿ, “ಇದು ಇನ್ನ ಹೊಂಟತು” ಎಂದು ಮುಂದಿನ ಸಾಲಿಗೆ ಇಡುವರು; ಆಮೇಲೆ ಯಾರು ಕೇಳಿದರೂ ಮಾರುವರು, ಚೌಕಾಶಿಯನ್ನೂ ಚೆನ್ನಾಗಿಯೇ ಮಾಡುವರು. ಒಂದೇ ತೊಡಕು. ದಾಂಡೇಲಿಯ ಮಳೆ ಮೇಲಿನಿಂದ ಬೀಳುವುದರ ಜೊತೆಗೆ ಅಡ್ಡಡ್ಡವಾಗಿಯೂ ಬರುತ್ತದೆ. ತಾಡಪತ್ರಿ ಕಟ್ಟಿದರೂ ಗೀಟುಗಳು ತೊಳೆದುಹೋಗುತ್ತಿದ್ದವು. ಗೀಟು ಅಳಿಸಿದರೆ ಎಣಿಕೆ ಮೊದಲಿನಿಂದ. ಹೀಗಾಗಿ ಮೃಗಶಿರೆಯಿಂದ ದಸರೆಯವರೆಗೆ ಅವರ ಅಂಗಡಿಯಲ್ಲಿ ಯಾವ ವಸ್ತುವಿನ ಸೂತಕವೂ ಮುಗಿಯುತ್ತಿರಲಿಲ್ಲ.

“ವಹಿಯೊಳಗ ಬರಕೊಳ್ರಿ ಚಾಚಾ, ಮಳಿ ಏನ್ ಮಾಡತೈತಿ?” ಎಂದೆ.

“ವಹಿಯೊಳಗ ನಾ ಸುಳ್ಳ ಬರೀಬಹುದು. ಗೀಟು ಎಲ್ಲಾರಿಗೂ ಕಾಣತೈತಿ.”

“ಮಳಿ ಅಳಸಿದ್ದು ಸುಳ್ಳಲ್ಲೇನ್ರಿ?”

“ಅದನ್ನ ಮಳೀನ ಕೇಳ್ರಿ.”

ಅವರ ಗಿರಾಕಿಗಳನ್ನು ಕಂಡವರು ಯಾರೂ ಅವರು ಮಾರುತ್ತಿರಲಿಲ್ಲವೆಂದು ಹೇಳಲಾರರು. ಕೋಗಿಲಬನದಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಹೊಲಿಗೆ ಮಶೀನೊಂದರ ಮೇಲೆ ಆಕೆಯ ಕಣ್ಣು. ಹದಿಮೂರು ದಿನದ ಸೂತಕದ್ದು, ಆದರೆ ಮಳೆ ಹಿಡಿದು ಎರಡು ತಿಂಗಳಾಗಿತ್ತು. ಆಕೆ ಬೇಸತ್ತು ದಿನವೂ ಬೆಳಗಿನ ಬಸ್ಸಿಗೆ ಬಂದು, ಮಶೀನಿಗೆ ಛತ್ರಿ ಹಿಡಿದು, ಸಂಜೆಯವರೆಗೆ ಕೂರತೊಡಗಿದಳು.

“ಅವ್ವಾ, ಯಾಕ ದಿನಾ ಬರ್ತಿ? ಬ್ಯಾಸಗಿಗೆ ಬಾ.”

“ಬ್ಯಾಸಗಿ ತನಕ ನನ್ನ ಮಗಳ ಮದವಿ ನಿಂದರತೈತೇನ್ರಿ ಚಾಚಾ? ಹದಿಮೂರ ಗೀಟ ಅಲ್ರಿ? ನಾ ಹಿಡೀತೇನಿ ಛತ್ರಿ.”

“ಛತ್ರಿ ಮಶೀನಿಗೆ ಹಿಡದ್ರ ನೀ ತೊಯ್ತೀಯಲ್ಲ!”

“ನನ್ನ ಮೈಮ್ಯಾಲ ಗೀಟ ಇಲ್ಲಲ್ರಿ.”

ಹದಿಮೂರು ದಿನ ತೊಯ್ದು, ಹದಿನಾಲ್ಕನೆಯ ದಿನ ಮಶೀನನ್ನು ಆಟೋದಲ್ಲಿ ಹೇರಿಕೊಂಡು ಹೋದಳು. ಮಗಳ ಮದುವೆಯ ರವಿಕೆಗಳೆಲ್ಲ ಅದರಲ್ಲಿಯೇ ಆದವು.

ಸಾಂಬ್ರಾಣಿಯ ಸಿದ್ದಿ ಬುಡಕಟ್ಟಿನ ರೈತನೊಬ್ಬ ತನ್ನ ತೀರಿದ ತಂದೆಯ ಬ್ಯಾಟರಿಯನ್ನು ತಂದದ್ದು ಇನ್ನೊಂದು ಪ್ರಸಂಗ. ಕತ್ತಲಲ್ಲಿ ಗದ್ದೆಗೆ ಹೋಗುವಾಗ ಹಿಡಿಯುವ ಉದ್ದನೆಯ ಬ್ಯಾಟರಿ. ಅವನೂ ಸೇರಿ ಮೂವರು ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿದ್ದರು; ಒಬ್ಬ ಹಿಂದೂ, ಒಬ್ಬ ಮುಸಲ್ಮಾನ, ಒಬ್ಬ ಕ್ರೈಸ್ತ. ಎಷ್ಟು ದಿನದ ಸೂತಕ ಹಿಡಿಯಬೇಕೆಂದು ತಿಳಿಯದೆ ಚಾಚಾ ತೊಡಕಿಗೆ ಬಿದ್ದರು.

“ನಿಮ್ಮಪ್ಪ ಯಾವ ಕಡೆಯಾಂವ?”

“ನಮ್ಮಪ್ಪ ಎಲ್ಲಾ ಹಬ್ಬದಾಗೂ ಉಣತಿದ್ದ ನೋಡ್ರಿ.”

“ಹಂಗಾರ ಎಲ್ಲಾ ಕೂಡಸೂಣು.”

ಎಂಬತ್ಮೂರು ದಿನವಾಯಿತು. ದೊಡ್ಡದನ್ನು ಹಿಡಿದರೆ ಸಾಕು, ಮೂರನ್ನೂ ಕೂಡಿಸುವ ಶಾಸ್ತ್ರ ಎಲ್ಲಿಯದು ಎಂದು ನಾನು ಜಗಳವಾಡಿದೆ. ಸತ್ತವನೊಬ್ಬ, ಅತ್ತವರು ಮೂರು ಮಂದಿ ಎಂದರು. ರೈತ ಸಂತೆಗೆ ಬಂದಾಗಲೆಲ್ಲ ತನ್ನ ತಂದೆಯ ಬ್ಯಾಟರಿಯ ಗೀಟು ಎಣಿಸಲು ಬರುತ್ತಿದ್ದ. ಹಾಗೆ ಬಂದು ಬಂದು, ಪಕ್ಕದಲ್ಲಿ ನಲವತ್ತೊಂಬತ್ತರ ಸೂತಕದಲ್ಲಿದ್ದ ಮುಂಡಗೋಡದ ಗೋಡೆ ಗಡಿಯಾರದ ಮೇಲೆ ಮನಸ್ಸಾಗಿ, ಅದನ್ನು ಸಂಕ್ರಾಂತಿಗೆ ಕೊಂಡ. ಅದು ಇಂದಿಗೂ ಮೂರೂ ಮನೆಗಳಿಗೆ ಒಂದೇ ವೇಳೆ ತೋರಿಸುತ್ತದೆ, ತಪ್ಪು ವೇಳೆಯೇ ಆದರೂ.

ಅವರು ಎಂದೂ ಮಾರದ ವಸ್ತು ಒಂದಿತ್ತು, ನಿಜ. ಸೂಪಾದ ಮುಳುಗಿದ ಮನೆಯೊಂದರ ಬಾಗಿಲ ಅಗಳಿ. ಮನುಷ್ಯ ಸತ್ತರೆ ಇಷ್ಟು ದಿನ ಎಂದಿದೆ, ಊರು ಸತ್ತರೆ ಎಷ್ಟು ಎಂದು ನಾನು ಕೆಣಕಿದೆ. “ಬ್ಯಾಸಗ್ಯಾಗ ನೀರ ಇಳೀತೈತಿ ಪಂಡಿತರ. ಊರು ಇನ್ನೂ ಪೂರಾ ಸತ್ತಿಲ್ಲ,” ಎಂದು ಅದಕ್ಕೆ ಗೀಟನ್ನೇ ಎಳೆಯಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಮೂರು ವರ್ಷಗಳ ಹಿಂದೆ, ಆ ಗೋಡೆಯ ಮುಂದೆ ಊರಿನ ಹೆಸರಿನ ಆಳೆತ್ತರದ ಬಣ್ಣದ ಅಕ್ಷರಗಳನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು. ರೆಸಾರ್ಟಿಗೆ ಬಂದವರು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು. ಬೀದಿ ವ್ಯಾಪಾರಿಗಳೆಂಬ ಚೀಟಿ ಇದ್ದವರಿಗೆ ಬದಿಗೆ ಜಾಗ ಉಳಿಯುತ್ತದೆ, ಇಲ್ಲದವರು ಏಳಬೇಕು. ಚೀಟಿ ಕೊಡುವುದಕ್ಕಾಗಿ ಕಚೇರಿಯೊಂದರಿಂದ ಸಮೀಕ್ಷೆಯವರೊಬ್ಬರು ಬಂದರು. ಯಾವ ಕಚೇರಿ ಎಂಬುದನ್ನು ನಾನು ಹೇಳುವುದಿಲ್ಲ. ಬಂದವರು ಸಭ್ಯರು, ಆದರೆ ಬಂದದ್ದು ಆಷಾಢದಲ್ಲಿ. ಅವರ ಮೊಬೈಲಿನಲ್ಲಿದ್ದ ನಮೂನೆ ತುಂಬಬೇಕಾದರೆ, ವ್ಯಾಪಾರಿ ಗಿರಾಕಿಗೆ ವಸ್ತು ಕೊಡುತ್ತಿರುವ ಒಂದು ಫೋಟೋ ಬೇಕಿತ್ತು.

“ಚಾಚಾ, ಏನ್ ಮಾರ್ತೀರಿ?”

“ಇವತ್ತ ಏನೂ ಇಲ್ರಿ.”

“ನಿನ್ನೆ?”

“ನಿನ್ನೆನೂ ಇಲ್ಲ.”

“ಹೋಗ್ಲಿ, ನಾಳೆ?”

ಚಾಚಾ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಆಕಾಶ ನೋಡಿದರು. “ಮಾರೋ ಸಾಮಾನು ಒಂದೂ ಇಲ್ರಿ ಸಾಹೇಬರ. ಎಲ್ಲಾ ಸೂತಕದಾಗ ಅದಾವ.”

ಆತ ತಾನೇ ಥರ್ಮಾಸ್ ಕೊಳ್ಳುತ್ತೇನೆಂದ. ಕೊಡಲಿಲ್ಲ. ಹಿಡಿದ ಹಾಗೆ ಮಾಡಿ, ಫೋಟೋ ಆದ ಮೇಲೆ ವಾಪಸ್ ಇಡುತ್ತೇನೆಂದ. “ಸತ್ತವರ ಮುಂದ ನಾಟಕ ಆಡಂತೀರೇನ್ರಿ?” ಎಂದರು. ನಾನು ತಾಳಲಾರದೆ ನನ್ನ ಛತ್ರಿಯನ್ನೇ ಮಡಚಿ ಅವರ ಮುಂದಿಟ್ಟೆ. “ಇದನ್ನ ಮಾರ್ರಿ. ಇದಕ್ಕ ಸೂತಕ ಇಲ್ಲ.”

“ನೀವು ಜೀವಂತ ಅದೀರಲ್ಲ?”

“ಅದೇನಿ.”

“ಹಂಗಾರ ನಾಳೆ ಮಳಿಗೆ ವಾಪಸ್ ಕೇಳ್ತೀರಿ. ಜೀವಂತ ಮನಶಾರ ಸಾಮಾನು ಭಾಳ ಧೋಕಾ.”

ಸಮೀಕ್ಷೆಯವರು ತೊಯ್ದು ತೊಪ್ಪೆಯಾಗಿ, ‘ಸ್ಥಳದಲ್ಲಿ ವ್ಯಾಪಾರ ಕಂಡುಬಂದಿಲ್ಲ’ ಎಂದು ಬರೆದು ಹೋದರು. ವಾರದೊಳಗೆ ಏಳಬೇಕೆಂದು ಗೋಡೆಗೆ ನೋಟೀಸು ಅಂಟಿತು.

ಆ ನೋಟೀಸನ್ನು ನಾನು ನಾಲ್ಕು ಸಲ ಓದಿದೆ. ‘ಚೀಟಿ ಇಲ್ಲದ ವ್ಯಾಪಾರಿಗಳು’ ಏಳಬೇಕು ಎಂದಿತ್ತು. ನನಗೆ ಬೆಳಕು ಹರಿಯಿತು. ಅಂದೇ ಕುಳಿತು ಅರ್ಜಿ ಬರೆದೆ: ಸದರಿ ವ್ಯಕ್ತಿ ಏನನ್ನೂ ಮಾರುವುದಿಲ್ಲ, ಎಂದೂ ಮಾರಿದವರಲ್ಲ, ತಮ್ಮದೇ ಸಮೀಕ್ಷೆ ಇದನ್ನು ಒಪ್ಪಿದೆ, ವ್ಯಾಪಾರಿಯಲ್ಲದವನಿಗೆ ವ್ಯಾಪಾರಿಗಳ ನೋಟೀಸು ಅನ್ವಯಿಸದು, ನಾಗರಿಕನೊಬ್ಬ ತನ್ನ ಸಾಮಾನಿನೊಡನೆ ಗೋಡೆಯ ಬುಡದಲ್ಲಿ ಕೂರಬಾರದೆಂಬ ಕಾನೂನನ್ನು ತೋರಿಸಿರಿ. ಉತ್ತರ ಬಂದಿತು: ‘ಸದರಿಯವರು ವ್ಯಾಪಾರಿಯಲ್ಲವೆಂದು ಪರಿಗಣಿಸಲಾಗಿದೆ. ಕುಳಿತುಕೊಳ್ಳಲು ಅಡ್ಡಿಯಿಲ್ಲ. ವ್ಯಾಪಾರ ಮಾಡತಕ್ಕದ್ದಲ್ಲ.’

ಗೆದ್ದ ಹುಮ್ಮಸ್ಸಿನಲ್ಲಿ ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ಲವಂಗವನ್ನು ಉಗುಳಿದರು; ನಾನು ಕಂಡಂತೆ ಅದೊಂದೇ ಸಲ.

“ಜಾಗಾ ಉಳಿಸಿದ್ರಿ ಪಂಡಿತರ. ನನ್ನ ಕಳದ್ರಿ.”

“ಹಂಗ್ಯಾಕ ಅಂತೀರಿ? ಕೂಡಾಕ ಅಡ್ಡಿ ಇಲ್ಲಂತ.”

“ಕೂಡಾಕ ಮನ್ಯಾಗ ಜಗಲಿ ಐತಿ. ಈ ಮಂದಿ ಇಷ್ಟ ವರ್ಷ ನನ್ನ ಕೂಡ ಜಗಳಾ ಮಾಡ್ಯಾರ, ಚೌಕಾಶಿ ಮಾಡ್ಯಾರ, ಬೈದಾರ. ಯಾಕ? ನಾ ವ್ಯಾಪಾರಿ ಅಂತ. ಕೊಡಂಗಿಲ್ಲ ಅಂತ ಹೇಳಾಕೂ ಮಾರಾವ ಆಗಿರಬೇಕು. ಈಗ ನಾ ಯಾರು? ಸಾಮಾನಿನ ಮುಂದ ಸುಮ್ನ ಕುಂತ ಮುದಕ.”

ಆ ಕಾಗದವನ್ನು ರದ್ದು ಮಾಡಿಸಿರೆಂದು ಮೂರು ಸಲ ಕೇಳಿದರು. ಜಾಗ ಹೋದರೆ ಹೋಗಲಿ ಎಂದರು. ನಾನು ಮಾಡಿಸಲಿಲ್ಲ. ಗೆದ್ದ ಅರ್ಜಿಯನ್ನು ತಪ್ಪೆಂದು ಹಿಂದಕ್ಕೆ ಪಡೆಯುವುದು ನನಗೆ ಸಾಧ್ಯವಾಗಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಬಳಿ ಇಲ್ಲ. ಅಲ್ಲಿಂದ ಮುಂದೆ ಗೀಟು ಪೂರ್ತಿಯಾದ ಸಾಮಾನನ್ನೂ ಅವರು ಮಾರಲಿಲ್ಲ. ಗಿರಾಕಿ ಕೇಳಿದರೆ “ಆರ್ಡರ್ ಐತಿ” ಎನ್ನುತ್ತಿದ್ದರು. ಬಣ್ಣದ ಅಕ್ಷರಗಳ ಮುಂದೆ ಫೋಟೋ ತೆಗೆಸಿಕೊಂಡವರು ಅವರ ಪಕ್ಕದಲ್ಲಿಯೂ ಒಂದು ತೆಗೆಸಿಕೊಳ್ಳುತ್ತಿದ್ದರು. ಎರಡೇ ವರ್ಷದಲ್ಲಿ, ಏನನ್ನೂ ಮಾರದ ಸಂತನೆಂಬ ಕೀರ್ತಿ ಅಳ್ನಾವರದವರೆಗೆ ಹಬ್ಬಿತು. ಹಾಗೆಯೇ ತೀರಿಕೊಂಡರು.

ಕಲ್ಲಿನ ಮಾತು ಎದ್ದಾಗ ನಾನು ಗಣ್ಯರ ಬಳಿಗೆ ಹೋದೆ. ಅವರು ನನ್ನದೇ ಅರ್ಜಿಯ ಪ್ರತಿಯನ್ನು ನನ್ನ ಮುಂದೆ ಹಿಡಿದು, “ಎಂದೂ ಮಾರಿದವರಲ್ಲ ಅಂತ ನೀವ ಬರದೀರಲ್ರಿ?” ಎಂದರು. ಸುಳ್ಳು ಬರೆದಿದ್ದೆ ಎಂದೆ. ಜೀವನದಲ್ಲಿ ಮೊದಲ ಸಲ ನಾನು ಸುಳ್ಳು ಬರೆದೆನೆಂದು ಒಪ್ಪಿಕೊಂಡಾಗ ಯಾರೂ ನಂಬಲಿಲ್ಲ. ಕಚೇರಿಯ ಮುದ್ರೆಯಿರುವ ಕಾಗದದಲ್ಲಿ ವ್ಯಾಪಾರಿ ಎಂದಿದ್ದರೆ ತನ್ನಿ, ಕಲ್ಲು ಬದಲಿಸೋಣ ಎಂದರು. ಕಚೇರಿಗೆ ಹೋದರೆ ಅಲ್ಲಿಯ ಅಧಿಕಾರಿಗಳು ಆದೇಶ ಜಾರಿಯಲ್ಲಿದೆ, ಮಾರಿದ್ದಕ್ಕೆ ಸಾಕ್ಷಿ ತನ್ನಿ ಎಂದರು. ಸಾಕ್ಷಿಗೆಂದು ನನ್ನ ಮನೆಯನ್ನೇ ಮೊದಲು ಹುಡುಕಿದೆ. ಮೂವತ್ತು ವರ್ಷ ಅವರ ಪಕ್ಕದಲ್ಲಿ ಕುಳಿತು ವಾದ ಮಾಡಿದ ನಾನು ಅವರಿಂದ ಒಂದು ಚಮಚವನ್ನೂ ಕೊಂಡಿರಲಿಲ್ಲ.

ಆದುದರಿಂದ ಕೊಂಡವರನ್ನು ಹುಡುಕಿ ಹೊರಟೆ. ಒಂದು ಸೋಮವಾರ ಬೆಳಗ್ಗೆ ಅವರೆಲ್ಲ ಸಾಮಾನಿನ ಸಮೇತ ಕಚೇರಿಗೆ ಬಂದರು. ಕೋಗಿಲಬನದ ಹೆಣ್ಣುಮಗಳು ಹೊಲಿಗೆ ಮಶೀನನ್ನು ಆಟೋದಿಂದ ಇಳಿಸಿದಳು. ಸಾಂಬ್ರಾಣಿಯ ರೈತ ಗಡಿಯಾರವನ್ನು ಎದೆಗವಚಿಕೊಂಡು ಬಸ್ಸಿನಿಂದ ಇಳಿದ. ಇಸ್ತ್ರಿ ಪೆಟ್ಟಿಗೆ, ಥರ್ಮಾಸು, ಕುಕ್ಕರು, ಊರುಗೋಲು ಹಿಡಿದು ಇನ್ನೂ ಎಂಟು-ಹತ್ತು ಜನ. ಅಧಿಕಾರಿಗಳು ಒಳಗೆ ಸಭೆಯಲ್ಲಿದ್ದರು. ಹೊರಗಿನ ಕಟ್ಟೆ ಹಸಿಯಾಗಿತ್ತೆಂದು ಯಾರೋ ಗೋಣಿಚೀಲ ಹಾಸಿದರು. ಅದರ ಮೇಲೆ ಸಾಮಾನು ಸಾಲಾಗಿ ಕುಳಿತಿತು. ಮನೆಯ ಖಾತೆ ಉತಾರದ ನಕಲಿಗೆ ಬಂದಿದ್ದವನೊಬ್ಬ ಬಗ್ಗಿ ನೋಡಿ, “ಅಕ್ಕಾ, ಮಶೀನ್ ಎಷ್ಟಕ್ಕ ಕೊಡ್ತಿ?” ಎಂದ.

“ಕೊಡೋದಲ್ಲೋ ತಮ್ಮಾ, ಇದು ಸಾಕ್ಷಿ.”

“ಸಾಕ್ಷಿ ಇರ್ಲಿ, ರೇಟ್ ಹೇಳಕ್ಕಾ.”

ಇನ್ನಿಬ್ಬರು ಗಡಿಯಾರದ ಸುತ್ತ ನಿಂತರು. ಕುಕ್ಕರಿನ ಸೀಟಿ ಊದುತ್ತದೆಯೇ ಎಂದು ಒಬ್ಬ ಪರೀಕ್ಷಿಸತೊಡಗಿದ. ಗದ್ದಲಕ್ಕೆ ಅಧಿಕಾರಿಗಳು ಹೊರಗೆ ಬಂದರು.

“ಯಾರ್ರಿ ಇಲ್ಲೆ ಅಂಗಡಿ ಹಚ್ಚಿದವರು? ಇದೇನ್ ಹಳೆ ಸಾಮಾನಿನ ಸಂತೀ ಏನು? ಯಾರದು ಇದೆಲ್ಲಾ?”

“ಗೋಡೆ ಬುಡದ ಚಾಚಾ ಮಾರಿದ್ದು,” ಎಂದೆ.

“ಅಂವಾ ಸತ್ತ ಮ್ಯಾಲ ಅಂವನ ಧಂದೆ ನೀವು ನಮ್ಮ ಕಟ್ಟಿ ಮ್ಯಾಲ ನಡಸಾಕತ್ತೀರೇನು? ಎತ್ರಿ ಮೊದಲ! ಬರಕೊಳ್ರಿ ಇವರ ಹೆಸರು!”

ಮೂರನೆಯ ದಿನ ನನ್ನ ಮನೆಗೆ ನೋಟೀಸು ಬಂದಿತು. ಮುದ್ರೆಯಿದೆ, ಸಹಿಯಿದೆ. ‘ಮೃತ ಬೀದಿ ವ್ಯಾಪಾರಿಯ ಹಳೆಯ ಸಾಮಾನುಗಳ ವ್ಯಾಪಾರವನ್ನು ಕಚೇರಿಯ ಆವರಣದಲ್ಲಿ ಅನಧಿಕೃತವಾಗಿ ಮುಂದುವರಿಸಿದ್ದಕ್ಕಾಗಿ’ ನನಗೆ ದಂಡ ವಿಧಿಸಲಾಗಿದೆ. ಅದರಲ್ಲಿ ಐದು ತಪ್ಪುಗಳಿವೆ. ನಾನು ಅಲ್ಲಿ ಏನನ್ನೂ ಮಾರಲಿಲ್ಲ, ಸಾಬೀತು ಮಾಡಬಲ್ಲೆ. ಮೇಲ್ಮನವಿಗೆ ಹದಿನೈದು ದಿನ ಅವಕಾಶವಿತ್ತು. ನಾನು ಒಂದಕ್ಷರವನ್ನೂ ಬರೆಯದೆ ದಂಡ ಕಟ್ಟಿದೆ. ಗಣ್ಯರು ನೋಟೀಸನ್ನು ಕೈಯಿಂದ ಕೈಗೆ ದಾಟಿಸಿ, ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಕಲ್ಲು ಕೊರೆಯುವವನಿಗೆ ಹೇಳಿ ಕಳಿಸಿದರು. ಈಗ ಗೋಡೆಯ ಮೇಲೆ ‘ಹಳೆ ಸಾಮಾನಿನ ವ್ಯಾಪಾರಿ ಇಲ್ಲಿ ಕುಳಿತಿದ್ದರು’ ಎಂದಷ್ಟೇ ಇದೆ.

ಕಲ್ಲು ಕೂರಿಸಿದ ದಿನ ಕೋಗಿಲಬನದ ಹೆಣ್ಣುಮಗಳು ಬಂದಿದ್ದಳು. ಅಕ್ಷರಗಳನ್ನು ನನ್ನಿಂದ ಓದಿಸಿಕೊಂಡಳು.

“ಕಚೇರ್ಯಾಗ ಖರೇನ ಒಪ್ಪಿದರೇನ್ರಿ ಅಜ್ಜಾರ?”

“ಒಪ್ಪಿದರವ್ವ. ದಂಡಾ ಹಾಕಿದರು.”

“ದಂಡಾ ಹಾಕಿದರಂದ್ರ ಮುಗೀತ ಬಿಡ್ರಿ,” ಎಂದಳು ಆಕೆ. “ಪಕ್ಕಾ ಬೀದಿ ವ್ಯಾಪಾರಿನ.”